ಕಂದು ವೈರ್ ಎಲ್ಲಿಯವರೆಗೆ ನೋಡುತ್ತದೆ? ಎರಡು ಎಸ್‌ಎಂಪಿಎಸ್, ಒಂದು ಎಕ್ಸ್‌ಟೆನ್ಷನ್

ಕೊಡಗಿನಲ್ಲಿ ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ತಿಂಗಳು) ಮಳೆ ಹಿಡಿದ ಮೇಲೆ ಸೋಮವಾರಪೇಟೆ ಬಳಿಯ ಕಾಫಿ ತೋಟವೊಂದರ ಕಚೇರಿಯಲ್ಲಿ ಹಳೆಯ ಕಂಪ್ಯೂಟರ್, ಬಟವಾಡೆ ಲೆಕ್ಕದ ನಡುವೆಯೇ ಆರಿ ಮತ್ತೆ ಶುರುವಾಗುತ್ತಿತ್ತು. ಎಲ್ಲರೂ ದೂರಿದ್ದು ಕರೆಂಟನ್ನು. ಆದರೆ ಯುಪಿಎಸ್ ಸರಿಯಾಗಿತ್ತು. ಮಲ್ಟಿಮೀಟರ್ ಹಿಡಿದು ಮದರ್‌ಬೋರ್ಡಿನ ಮೇಲೆಯೇ 3.3 ವೋಲ್ಟ್ ಇರಬೇಕಾದ ಕಡೆ ಅಳೆದೆ: ಕೆಲಸದ ಹೊರೆ ಬಿದ್ದಾಗ 3.12. ಕಂಪ್ಯೂಟರ್ ವಿದ್ಯುತ್ ಪೂರೈಕೆಯ ಮಾನದಂಡವಾದ ಎಟಿಎಕ್ಸ್ ಒಪ್ಪುವ ಕನಿಷ್ಠ 3.135.

ಆ ಕಂಪ್ಯೂಟರಿನಲ್ಲಿದ್ದುದು ಸೆನ್ಸ್ ವೈರ್ (ತುದಿಯ ವೋಲ್ಟೇಜ್ ತಿಳಿಸುವ ವೈರ್) ಇಲ್ಲದ ಅಗ್ಗದ ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಡಬ್ಬಿ. ಅದು ತನ್ನ ಡಬ್ಬಿಯೊಳಗಿನ ವೋಲ್ಟೇಜನ್ನಷ್ಟೇ ನೋಡಿಕೊಳ್ಳುತ್ತದೆ. ವೈರಿನಲ್ಲಿ ಎಷ್ಟು ಇಳಿಯಿತೆಂಬುದು ಅದಕ್ಕೆ ತಿಳಿಯುವುದಿಲ್ಲ.

ಬದಲಿಗೆ ಸೆನ್ಸ್ ವೈರ್ ಇರುವುದನ್ನು ಹಾಕಿದೆ. 24 ಪಿನ್‌ನ ಕನೆಕ್ಟರ್ ತಿರುಗಿಸಿ ನೋಡಿದರೆ 13ನೇ ಪಿನ್‌ನಲ್ಲಿ 3.3 ವೋಲ್ಟಿನ ಕಿತ್ತಳೆ ವೈರಿನ ಜೊತೆಗೇ ಸಪೂರವಾದ ಕಂದು ವೈರೊಂದು ಒತ್ತಿಕೊಂಡಿರುತ್ತದೆ. ಅದೇ ಸೆನ್ಸ್ ವೈರ್. ಕರೆಂಟ್ ಹರಿಯುವುದು ದಪ್ಪ ಕಿತ್ತಳೆಯಲ್ಲಿ, ಹಾಗಾಗಿ ಇಳಿತವೂ ಅಲ್ಲಿಯೇ. ಕಂದು ವೈರಿನಲ್ಲಿ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ; ಆದ್ದರಿಂದ ತುದಿಯ ವೋಲ್ಟೇಜನ್ನು ಅದು ಇದ್ದ ಹಾಗೆಯೇ ಹಿಂದಕ್ಕೆ ತಿಳಿಸುತ್ತದೆ. ಕಡಿಮೆ ಕಂಡರೆ ಎಸ್‌ಎಂಪಿಎಸ್ ಅಷ್ಟನ್ನು ಏರಿಸಿ ಕೊಡುತ್ತದೆ. ಕನೆಕ್ಟರಿನ ಹಿಂಬದಿಯಿಂದ ಅಳೆದಾಗ ಹೊರೆಯಲ್ಲೂ 3.31 ಕದಲಲಿಲ್ಲ. ನೋಡಿ ನನಗೆ ನಿಜಕ್ಕೂ ಖುಷಿಯಾಯಿತು.

ಆದರೆ ಬೋರ್ಡಿನ ಮೇಲೆ 3.22 ಮಾತ್ರ! ಕನೆಕ್ಟರ್ ಕಿತ್ತು ಟಾರ್ಚ್ ಬಿಟ್ಟೆ. ಬೋರ್ಡಿನ ಪಿನ್‌ಗಳು ಮಳೆಗಾಲದ ತೇವಕ್ಕೆ ಕಪ್ಪಿಟ್ಟಿದ್ದವು. ಕಂದು ವೈರ್ ಒತ್ತಿಕೊಂಡಿರುವುದು ಕೇಬಲ್ ಕಡೆಯ ಪಿನ್ನಿಗೆ. ಅದರಾಚೆಯ ಕಿಲುಬು ಅದಕ್ಕೆ ಕಾಣುವುದಿಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ ಮತ್ತೆ ಸಿಕ್ಕಿಸಿದಾಗ 3.29. ನ್ಯಾಯಕ್ಕಾಗಿ ಹಳೆಯ ಎಸ್‌ಎಂಪಿಎಸ್ಸನ್ನೂ ಇನ್ನೊಮ್ಮೆ ಜೋಡಿಸಿದೆ: 3.20. ಮಿತಿಯೊಳಗೆ ಬಂತು, ಆದರೆ ಮುಂದಿನ ಮಳೆಗಾಲಕ್ಕೆ ನೆಚ್ಚುವಂತಿರಲಿಲ್ಲ.

ಕೇಬಲನ್ನು ಕ್ಯಾಬಿನೆಟ್ಟಿನ ಹಿಂಬದಿಯಿಂದ ತರಲು ಎಕ್ಸ್‌ಟೆನ್ಷನ್ ಕೂಡ ಪ್ರಯತ್ನಿಸಿದೆ. ನೋಡಲು ಅಚ್ಚುಕಟ್ಟು, ಬೋರ್ಡಿನಲ್ಲಿ 3.25. ಕಂದು ವೈರ್ ಎಸ್‌ಎಂಪಿಎಸ್ಸಿನ ಸ್ವಂತ ಕನೆಕ್ಟರಿಗೇ ನಿಲ್ಲುತ್ತದೆ. ಮುಂದಿನ ಉದ್ದವೂ ಹೊಸ ಜೋಡಣೆಯೂ ಲೆಕ್ಕದಿಂದ ಹೊರಗೆ. ಒಣ ಊರಿನಲ್ಲಿ ಇದನ್ನು ಒಪ್ಪಬಹುದು. ಕೊಡಗಿನಲ್ಲಿ ಕಿಲುಬು ಹಿಡಿಯಲು ಇನ್ನೊಂದು ಜಾಗ ಮಾಡಿಕೊಡುವುದು ನನಗೆ ಸರಿಯೆನಿಸಲಿಲ್ಲ, ತೆಗೆದುಬಿಟ್ಟೆ.

ಇದರಲ್ಲಿ 12 ವೋಲ್ಟಿಗೆ ಸೆನ್ಸ್ ವೈರ್ ಇಲ್ಲ. ಅದನ್ನೂ ಅಳೆದೆ, 11.9, ಕನಿಷ್ಠ 11.4 ಆದ್ದರಿಂದ ಚಿಂತೆಯಿಲ್ಲ. ಈಗ ಆ ಕಚೇರಿಯಲ್ಲಿರುವುದು ಸೆನ್ಸ್ ವೈರಿನದ್ದೇ, ನೇರ ಕೇಬಲ್‌ನಲ್ಲಿ. ಮುಂಗಾರಿಗೆ ಮುಂಚೆ ಒಮ್ಮೆ ಪಿನ್ ಒರೆಸಿ ಬರುತ್ತೇನೆ.