ಕ್ಲಾಂಪ್ ಮೀಟರ್: ಗೀಸರ್‌ಗೆ ಸೈ, ಫ್ರಿಜ್‌ಗೆ ಸಾಲದು

ಮನೆ ಬಳಕೆಗೆ ಅಂತ ಕಡಿಮೆ ಬೆಲೆಯ ಡಿಜಿಟಲ್ ಕ್ಲಾಂಪ್ ಮೀಟರ್ (ವೈರನ್ನು ಇಕ್ಕಳದಂತೆ ಸುತ್ತುವರಿದು ಕರೆಂಟ್ ಅಳೆಯುವ ಮೀಟರ್) ಕೊಂಡು ಕೆಲವು ವರ್ಷಗಳಾದವು. ವೋಲ್ಟೇಜ್, ಎಸಿ ಕರೆಂಟ್, ಓಂ (ರೆಸಿಸ್ಟೆನ್ಸ್, ಅಂದರೆ ಕರೆಂಟ್ ಹರಿಯಲು ಇರುವ ತಡೆ), ವೈರ್ ತುಂಡಾಗಿಲ್ಲ ಅಂತ ತಿಳಿಸುವ ಬೀಪ್. ಇಷ್ಟೇ ಇದರಲ್ಲಿರುವುದು. ವ್ಯಾಟ್ ತೋರಿಸುವುದಿಲ್ಲ, ಅದನ್ನು ನಾವೇ ಲೆಕ್ಕ ಹಾಕಬೇಕು. ಅದೊಂದು ಕೊರತೆಯೋ ಅಲ್ಲವೋ ಅನ್ನುವುದು ನೀವು ಏನನ್ನು ಅಳೆಯುತ್ತೀರಿ ಅನ್ನುವುದರ ಮೇಲಿದೆ.

ಮೊದಲೇ ಒಂದು ಮಾತು. ವೈರನ್ನು ಕ್ಲಾಂಪಿನ ಬಾಯೊಳಗೆ ಇಟ್ಟರೆ ಕರೆಂಟ್ ಎಷ್ಟು ಹರಿಯುತ್ತಿದೆ ಅಂತ ತೋರಿಸುತ್ತದೆ, ನಿಜ. ಆದರೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಇಟ್ಟರೆ ಸೊನ್ನೆ ಬರುತ್ತದೆ. ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ವಾಪಸ್ ಬರುತ್ತದಲ್ವಾ, ಎರಡೂ ಸೇರಿ ಕಳೆದುಹೋಗುತ್ತವೆ. ಮೀಟರ್ ಕೆಟ್ಟಿದೆ ಅಂತ ಎಷ್ಟೋ ಜನ ವಾಪಸ್ ಕಳಿಸುವುದು ಇದೇ ಕಾರಣಕ್ಕೆ ಇರಬೇಕು. ನಾನು ಎರಡು ಸಾಕೆಟ್ ಇರುವ 16 ಆಂಪ್‌ನ ಗಿಡ್ಡ ಎಕ್ಸ್‌ಟೆನ್ಷನ್ ಮಾಡಿಟ್ಟುಕೊಂಡಿದ್ದೇನೆ. ಹೊರಗಿನ ಕವಚ ಮಾತ್ರ ಸೀಳಿ ಫೇಸ್ ವೈರನ್ನು ಬೇರೆ ಮಾಡಿದ್ದೇನೆ, ಅದರ ಇನ್ಸುಲೇಷನ್ ಮುಟ್ಟಿಲ್ಲ. ಒಂದು ಸಾಕೆಟ್ಟಿಗೆ ಯಂತ್ರದ ಪ್ಲಗ್, ಇನ್ನೊಂದಕ್ಕೆ ವೋಲ್ಟೇಜ್ ನೋಡಲು ಪ್ರೋಬ್ (ಮೀಟರಿನ ವೈರುಗಳ ತುದಿಯ ಕಡ್ಡಿ). ಮೀಟರ್ ಜೊತೆಗೆ ಇದೂ ಬೇಕೇ ಬೇಕು.

ಗೀಸರ್, ಇಸ್ತ್ರಿ ಪೆಟ್ಟಿಗೆ, ಇಮ್ಮರ್ಷನ್ ರಾಡ್ ತರಹದ ಬಿಸಿ ಮಾಡುವ ವಸ್ತುಗಳಿಗೆ ಈ ಮೀಟರ್ ಧಾರಾಳ ಸಾಕು. 2000 ವ್ಯಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪ್ ಎಳೆಯಬೇಕು. ವೋಲ್ಟನ್ನು ಆಂಪ್‌ನಿಂದ ಭಾಗಿಸಿದರೆ ರೆಸಿಸ್ಟೆನ್ಸ್ 26.4 ಓಂ ಚಿಲ್ಲರೆ. ಪ್ಲಗ್ ಕಿತ್ತು ಓಂ ರೇಂಜಿನಲ್ಲಿ ನೇರವಾಗಿ ಅಳೆದರೂ ಹೆಚ್ಚುಕಡಿಮೆ ಅದೇ ಸಿಗುತ್ತದೆ, ಯಾಕೆಂದರೆ ಒಳಗಿರುವ ನೈಕ್ರೋಮ್ ಲೋಹದ ಕಾಯಿಲ್ ಬಿಸಿಯಾದರೂ ಅದರ ಓಂ ಅಷ್ಟೇನೂ ಬದಲಾಗುವುದಿಲ್ಲ. ಹಳೇ 100 ವ್ಯಾಟ್ ಬಲ್ಬಿನ ಕಥೆ ಬೇರೆ. ಉರಿಯುವಾಗ ಲೆಕ್ಕದಲ್ಲಿ 529 ಓಂ, ತಣ್ಣಗಿರುವಾಗ ನಲವತ್ತರ ಆಸುಪಾಸು. ಬಲ್ಬಿನ ತಂತಿಯ ಲೋಹವಾದ ಟಂಗ್‌ಸ್ಟನ್ ಹಾಗೇ.

ಸಂಜೆ ಹೊತ್ತು ವೋಲ್ಟೇಜ್ 195ಕ್ಕೆ ಇಳಿದರೆ ನೀರು ಯಾಕೆ ಕಾಯುವುದಿಲ್ಲ ಅನ್ನುವುದೂ ಇದರಲ್ಲೇ ತಿಳಿಯುತ್ತದೆ. ಓಂ ಅಷ್ಟೇ ಇರುತ್ತದೆ, ಕರೆಂಟ್ 7.4 ಆಂಪ್‌ಗೆ ಇಳಿಯುತ್ತದೆ. 195 ಗುಣಿಸು 7.4, ಅಂದರೆ 1440 ವ್ಯಾಟ್ ಹತ್ತಿರ. ವೋಲ್ಟೇಜ್ ಕಡಿಮೆಯಾದದ್ದು ಶೇ 15, ಪವರ್ ಕಡಿಮೆಯಾದದ್ದು ಶೇ 28. ಗೀಸರ್ ಕಂಪನಿಯನ್ನು ಬೈದು ಪ್ರಯೋಜನವಿಲ್ಲ.

ಕೊಟ್ಟ ದುಡ್ಡು ವಸೂಲಾದದ್ದು ಮಾತ್ರ ಬಚ್ಚಲುಮನೆಯ ಸಾಕೆಟ್‌ನಿಂದ. ಗೀಸರ್ ಹಾಕಿದಾಗ ಅದು ಬಿಸಿಯಾಗುತ್ತಿತ್ತು. ಗೀಸರ್ ಆಫ್ ಇದ್ದಾಗ ಅಲ್ಲಿ 228 ವೋಲ್ಟ್, ಆನ್ ಮಾಡಿದರೆ 221. ಕರೆಂಟ್ 8.4 ಆಂಪ್. ನಮ್ಮ ಎಲೆಕ್ಟ್ರಿಷಿಯನ್ ಅದೇ ಹೊತ್ತಿಗೆ ಮೇನ್ ಬೋರ್ಡಿನಲ್ಲಿ ನೋಡಿದಾಗ 226 ಇತ್ತು. (ಮುಚ್ಚಳ ತೆಗೆದು ಅಳೆಯುವುದು ಕೈ ಪಳಗಿದವರ ಕೆಲಸ, ನಾನು ಆ ತಂಟೆಗೆ ಹೋಗುವುದಿಲ್ಲ.) ಅಂದರೆ ಬೋರ್ಡಿನಿಂದ ಬಚ್ಚಲುಮನೆಗೆ ಬರುವಷ್ಟರಲ್ಲಿ 5 ವೋಲ್ಟ್ ಮಾಯ. 5 ಭಾಗಿಸು 8.4, ಅದು 0.6 ಓಂ. 2.5 ಚದರ ಮಿಲಿಮೀಟರ್‌ನ ತಾಮ್ರದ ವೈರ್ ಸಾವಿರ ಮೀಟರಿಗೆ ಏಳೂವರೆ ಓಂ ಒಳಗೇ ಇರುತ್ತದೆ. ನಮ್ಮಲ್ಲಿ ಹೋಗಿಬರುವ ವೈರ್ ಸೇರಿ 24 ಮೀಟರ್, ಹಾಗಾಗಿ 0.18 ಓಂ ಇರಬೇಕಿತ್ತು. ಉಳಿದದ್ದು ಎಲ್ಲಿ? 5 ಗುಣಿಸು 8.4 ಅಂದರೆ 42 ವ್ಯಾಟ್. ಗೋಡೆಯೊಳಗೆ ಒಂದು 40 ವ್ಯಾಟ್ ಬಲ್ಬ್ ಕೂತು ಉರಿದ ಹಾಗೆ. ಅದರಲ್ಲಿ ಮುಕ್ಕಾಲು ಪಾಲಿನಷ್ಟು ಸಡಿಲವಾಗಿದ್ದ ಸಾಕೆಟ್ ಒಂದರಲ್ಲೇ ಸುಡುತ್ತಿತ್ತು. ಸಾಕೆಟ್ ಬದಲಾಯಿಸಿ ಸ್ಕ್ರೂ ಬಿಗಿ ಮಾಡಿಸಿದ ಮೇಲೆ ವ್ಯತ್ಯಾಸ ಎರಡು ವೋಲ್ಟ್ ಒಳಗೆ ಬಂತು.

ಗಮನಿಸಿ, ಈ 0.6 ಓಂ ಅನ್ನು ನೇರವಾಗಿ ಓಂ ರೇಂಜಿನಲ್ಲಿ ಹಿಡಿಯಲಾಗುವುದಿಲ್ಲ. ಪ್ರೋಬ್ ವೈರುಗಳೇ 0.2, 0.3 ಓಂ ತೋರಿಸುತ್ತವೆ. ಲೋಡ್ ಹಾಕಿ, ವೋಲ್ಟ್ ಆಂಪ್ ಎರಡನ್ನೂ ನೋಡಿ ಭಾಗಿಸುವುದೇ ಸರಿ.

ಇನ್ನು ಫ್ರಿಜ್. ನಮ್ಮ ಹಳೇ ಫ್ರಿಜ್ 1.1 ಆಂಪ್ ತೋರಿಸುತ್ತದೆ. 230ರಿಂದ ಗುಣಿಸಿದರೆ 253. ಇದನ್ನು ವ್ಯಾಟ್ ಅಂದುಕೊಂಡರೆ ಬಿಲ್ ಲೆಕ್ಕ ತಪ್ಪುತ್ತದೆ. ಕಂಪ್ರೆಸರ್ ಮೋಟರಿನಲ್ಲಿ ಕರೆಂಟ್ ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ, ಹಾಗಾಗಿ ಪವರ್ ಫ್ಯಾಕ್ಟರ್‌ನಿಂದಲೂ (ವೋಲ್ಟ್ ಗುಣಿಸು ಆಂಪ್‌ನಲ್ಲಿ ನಿಜವಾದ ವ್ಯಾಟ್ ಎಷ್ಟು ಪಾಲು ಅನ್ನುವ ಸಂಖ್ಯೆ) ಗುಣಿಸಬೇಕು. ಅದನ್ನು ಈ ಮೀಟರ್ ಹೇಳುವುದೇ ಇಲ್ಲ. ನಾನು ಬೇರೆಲ್ಲ ಆಫ್ ಮಾಡಿ ಮನೆಯ ಕರೆಂಟ್ ಮೀಟರಿನ ಕೆಂಪು ದೀಪ ನೋಡುತ್ತೇನೆ. ನಮ್ಮದರ ಮೇಲೆ ಒಂದು ಯೂನಿಟ್‌ಗೆ 3200 ಮಿಣುಕು ಅಂತ ಬರೆದಿದೆ. ಒಂದು ಯೂನಿಟ್ ಅಂದರೆ 36 ಲಕ್ಷ ವ್ಯಾಟ್-ಸೆಕೆಂಡ್, ಅದನ್ನು 3200ರಿಂದ ಭಾಗಿಸಿದರೆ 1125. ಈ 1125 ಅನ್ನು ಎರಡು ಮಿಣುಕಿನ ನಡುವಿನ ಸೆಕೆಂಡಿನಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ಫ್ರಿಜ್ ಓಡುವಾಗ ಏಳು ಸೆಕೆಂಡಿಗೊಂದು ಮಿಣುಕು, ಅಂದರೆ 160 ವ್ಯಾಟ್. ಪವರ್ ಫ್ಯಾಕ್ಟರ್ 0.64 ಆಯ್ತು.

ಎಲ್ಇಡಿ ಬಲ್ಬಿನಂತಹ ಸಣ್ಣ ಕರೆಂಟ್ ಇದಕ್ಕೆ ಕಾಣುವುದೇ ಕಷ್ಟ. ವೈರನ್ನು ಬಾಯಿಗೆ ಹತ್ತು ಸುತ್ತು ಸುತ್ತಿ, ಬಂದದ್ದನ್ನು ಹತ್ತರಿಂದ ಭಾಗಿಸಬಹುದು. ಆದರೂ ಟ್ರೂ ಆರ್‌ಎಂಎಸ್ (ಅಲೆಯ ಆಕಾರ ವಕ್ರವಾಗಿದ್ದರೂ ಕರೆಂಟನ್ನು ಸರಿಯಾಗಿ ಅಳೆಯುವ ವಿಧಾನ) ಇಲ್ಲದ ಮೀಟರಿನಲ್ಲಿ ಆ ಸಂಖ್ಯೆಯನ್ನು ನಾನು ನಂಬುವುದಿಲ್ಲ. ಯುಪಿಎಸ್ ಬ್ಯಾಟರಿ, ಸೋಲಾರ್ ಇರುವವರಿಗೆ ಇದು ಬೇಡವೇ ಬೇಡ. ಅಲ್ಲಿನ ಡಿಸಿ ಕರೆಂಟ್ ಅಳೆಯಲು ಹಾಲ್ ಸೆನ್ಸರ್ (ಬದಲಾಗದ ಕಾಂತಕ್ಷೇತ್ರವನ್ನೂ ಗುರುತಿಸುವ ಸೆನ್ಸರ್) ಇರುವ ಕ್ಲಾಂಪ್ ಬೇಕು, ಬೆಲೆ ಜಾಸ್ತಿ. ಪೆಟ್ಟಿಗೆಯ ಮೇಲೆ 'ಎಸಿ/ಡಿಸಿ' ಅಂತ ಇದ್ದರೆ ಅದು ವೋಲ್ಟೇಜಿಗೋ ಕರೆಂಟಿಗೋ ಅಂತ ಅಂಗಡಿಯಲ್ಲೇ ಕೇಳಿ ತಿಳಿದುಕೊಳ್ಳಿ.