ಥೀಸಿಸ್‌ಗೆ ಹೊರಗಿನ ಮೆಂಟರ್ ಹುಡುಕುತ್ತಿದ್ದೀರಾ? ಮೊದಲು ಇದನ್ನು ಓದಿ

ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ) ಕೊನೆಯ ವರ್ಷದವರು, ಅವರ ಅಪ್ಪ ಅಮ್ಮಂದಿರು ದಯವಿಟ್ಟು ಓದಿ. ಥೀಸಿಸ್, ಅಂದರೆ ಕೊನೆಯ ವರ್ಷದ ಡಿಸೈನ್ ಪ್ರಾಜೆಕ್ಟ್, ಶುರುವಾಯಿತೆಂದರೆ "ನಾನು ಗೈಡ್ ಮಾಡ್ತೀನಿ, ಜೂರಿ ಪಾಸ್ ಮಾಡಿಸೋದು ನನ್ನ ಜವಾಬ್ದಾರಿ" ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಜೂರಿ ಅಂದರೆ ಡಿಸೈನ್ ನೋಡಿ ಪ್ರಶ್ನೆ ಕೇಳಿ ಅಂಕ ಕೊಡುವ ಪರೀಕ್ಷಕರ ತಂಡ. ಅಂಥ ಒಬ್ಬರ ಕೈಗೆ ನನ್ನ ಡಿಸೈನ್ ಸಿಕ್ಕಿ ಏನಾಯಿತು ಅಂತ ಹೇಳುತ್ತೇನೆ. ಹೆಸರು ಬರೆಯುವುದಿಲ್ಲ. ಕೆಲಸ ಮಾಡುವ ರೀತಿ ತಿಳಿದರೆ ನಿಮಗೇ ಗುರುತು ಸಿಗುತ್ತದೆ.

ನನ್ನ ಥೀಸಿಸ್ ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಒಂದು ಸಾರ್ವಜನಿಕ ಗ್ರಂಥಾಲಯ. ಸೈಟು ರಸ್ತೆಯಿಂದ ಹಿಂದಕ್ಕೆ ಸುಮಾರು 3 ಮೀಟರ್ ಇಳಿಯುತ್ತದೆ. ನಡುವೆ ಹಳೇ ಬಾವಿ, ಪಕ್ಕದಲ್ಲೊಂದು ಹಲಸಿನ ಮರ. ಜಾಸ್ತಿ ಮಣ್ಣು ಅಗೆಯುವುದು ಬೇಡ ಅಂತ ಓದುವ ಕೋಣೆಗಳನ್ನು ಇಳಿಜಾರಿನ ಜೊತೆಗೇ ಮೂರು ಹಂತದಲ್ಲಿ ಇಳಿಸಿದ್ದೆ. ಗಾಲಿ ಕುರ್ಚಿ ಬರಬೇಕೆಂದರೆ ರ‍್ಯಾಂಪ್ 1:12ಕ್ಕಿಂತ (12 ಮೀಟರ್ ಉದ್ದಕ್ಕೆ 1 ಮೀಟರ್ ಇಳಿತ) ಕಡಿದಾಗಿರಬಾರದು. 3 ಮೀಟರ್ ಇಳಿಯಲು 36 ಮೀಟರ್ ಉದ್ದ ಬೇಕು, ನಡುವೆ ನಿಲ್ಲಲು ಸಮತಟ್ಟಾದ ಲ್ಯಾಂಡಿಂಗ್ ಬೇರೆ. ಅಷ್ಟು ಉದ್ದವನ್ನು ಬಾವಿಯ ಸುತ್ತ ತಿರುಗಿಸಿ, ಎಲ್ಲರೂ ಓಡಾಡುವ ಜಗಲಿಯನ್ನೇ ರ‍್ಯಾಂಪ್ ಮಾಡಿದ್ದೆ. ಮೇಲೆ ಹೆಂಚಿನ ಮಾಡು, ಉದ್ದನೆಯ ಸೂರು. ಮಲೆನಾಡಿನ ಮಳೆ ಗಾಳಿಗೆ ಓರೆಯಾಗಿ ಹೊಡೆಯುತ್ತದೆ. ಅದಕ್ಕೇ ಅಲ್ಲಿ ಮಳೆಗಾಲಕ್ಕೆ ಮುಂಚೆ ಮನೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರೆ. ಪುಸ್ತಕ ಇಡುವ ಕಟ್ಟಡದಲ್ಲಿ ಎರಚಲು ತಡೆಯುವುದೇ ಮೊದಲ ಕೆಲಸ ಅಲ್ವಾ?

ಕಾಲೇಜಿನ ಗೈಡ್ ಮೇಡಂ ಈ ಪ್ಲಾನ್ ನೋಡಿ ಒಂದೇ ಪ್ರಶ್ನೆ ಕೇಳಿದ್ದರು: "ಒದ್ದೆ ಕೊಡೆ ಹಿಡ್ಕೊಂಡು ಬಂದವರು ಅದನ್ನ ಎಲ್ಲಿ ಮಡಚಿ ಇಡ್ತಾರೆ?" ಅದರಿಂದ ಬಾಗಿಲ ಮುಂದಿನ ಜಗಲಿ ಅಗಲವಾಯಿತು, ಕೊಡೆಗೊಂದು ಜಾಗ ಬಂತು, ನೀರು ಹರಿಯಲು ಚರಂಡಿ ಬಂತು. ಪೆನ್ಸಿಲ್ ಮಾತ್ರ ನನ್ನ ಕೈಯಲ್ಲೇ ಇತ್ತು.

ಹೊರಗಿನ ಮೆಂಟರ್ ಸೀನಿಯರ್ ಒಬ್ಬರ ಮೂಲಕ ಸಿಕ್ಕವರು. ಅವರು ಪ್ರಶ್ನೆ ಕೇಳಲಿಲ್ಲ. ಸೈಟಿನ ಫೋಟೋ ಕೂಡ ತೆರೆದು ನೋಡಲಿಲ್ಲ. ನನ್ನ ಪ್ಲಾನ್ ಮೇಲೆ ಟ್ರೇಸಿಂಗ್ ಶೀಟ್ ಹಾಸಿ ತಾವೇ ಗೀಚತೊಡಗಿದರು. ಸೈಟ್ ಪೂರ್ತಿ ಸಮತಟ್ಟು, ಹಿಂದೆ ಮಣ್ಣು ತಡೆಯುವ ರಿಟೇನಿಂಗ್ ವಾಲ್, ಪಶ್ಚಿಮಕ್ಕೆ ಎರಡು ಮಹಡಿ ಎತ್ತರದ ಗಾಜು, ಮೇಲೆ ಫ್ಲಾಟ್ ಸ್ಲ್ಯಾಬ್. ರ‍್ಯಾಂಪ್ ಎಲ್ಲಿ ಸರ್ ಅಂದರೆ "ಲಿಫ್ಟ್ ಇದೆಯಲ್ಲಮ್ಮ". ಮಳೆ ಅಂದರೆ "ಜೂರಿಯವರು ಮೊದಲು ನೋಡೋದು ವ್ಯೂ, ಸುಮ್ನೆ ತಲೆ ಕೆಡಿಸ್ಕೋಬೇಡ". ನನ್ನ ಡಿಸೈನೇ ಇರಲಿ ಅಂತ ಹಟ ಹಿಡಿದಾಗ ಮುಖ ಗಂಟು ಹಾಕಿಕೊಂಡರು. ಕೊನೆಗೆ "ಆಯ್ತು, ನಿನ್ನದೇ ರೆಂಡರ್ ಮಾಡಿಸ್ತೀನಿ, ಫೈಲ್ ಕಳಿಸು" ಅಂದರು. ರೆಂಡರ್ ಅಂದರೆ ಕಟ್ಟಡ ಕಟ್ಟಿದ ಮೇಲೆ ಹೇಗೆ ಕಾಣುತ್ತದೆ ಅಂತ ಕಂಪ್ಯೂಟರಿನಲ್ಲಿ ಮಾಡುವ ಚಿತ್ರ.

ದುಡ್ಡಿನ ಕಥೆ ಬೇರೆ. ಫೀಸು ಮುಂಗಡವಾಗಿ ಕೊಟ್ಟಾಗಿತ್ತು. ಆಮೇಲೆ ರೆಂಡರ್‌ಗೆ ಬೇರೆ, ಮಾಡೆಲ್‌ನ ಲೇಸರ್ ಕಟಿಂಗ್‌ಗೆ ಬೇರೆ, ಪ್ರಿಂಟ್‌ಗೆ ಬೇರೆ. ಒಂದಕ್ಕೂ ರಸೀದಿ ಇಲ್ಲ. ಅದರ ಮೇಲೆ "ಕಲಿಯೋಕೆ ಬಾ" ಅಂತ ಆಫೀಸಿಗೆ ಕರೆದು ತಮ್ಮ ಗ್ರಾಹಕರ ಮನೆಗಳ ಟಾಯ್ಲೆಟ್ ಡೀಟೇಲ್, ಬಾಗಿಲು ಕಿಟಕಿ ಶೆಡ್ಯೂಲ್ (ಅಳತೆ ಪಟ್ಟಿ) ನನ್ನಿಂದ ಬರೆಸಿದರು. ಅದು ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸ.

ಸಬ್ಮಿಷನ್ ಹಿಂದಿನ ರಾತ್ರಿ ಬಂದ ಶೀಟುಗಳಲ್ಲಿ ಇದ್ದದ್ದು ಅವರ ಗಾಜಿನ ಪೆಟ್ಟಿಗೆ. ಮತ್ತೆ ಹಾಕಿಸಲು ಸಮಯವೇ ಇರಲಿಲ್ಲ. ಜೂರಿಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಈ ಸ್ಲ್ಯಾಬಿನ ನೀರು ಎಲ್ಲಿಗೆ ಹೋಗುತ್ತೆ?" ನಾನು ಸ್ಕೆಚ್ ಬುಕ್ ತೆಗೆದು ನನ್ನ ಹಳೇ ಸೆಕ್ಷನ್ (ಕಟ್ಟಡವನ್ನು ಸೀಳಿದಂತೆ ತೋರಿಸುವ ಡ್ರಾಯಿಂಗ್) ತೋರಿಸಿ ವಿವರಿಸಿದೆ. ಪಾಸಾಗಿದ್ದು ಅದರಿಂದ. ಇಡೀ ವರ್ಷದ ಕೆಲಸಕ್ಕೆ ಸಿಗಬೇಕಾದ ಅಂಕ ಮಾತ್ರ ಸಿಗಲಿಲ್ಲ.

ಇದಕ್ಕಿಂತ ಹೊಟ್ಟೆ ಉರಿಸಿದ್ದು ಆಮೇಲೆ ನಡೆದದ್ದು. ಕೆಲವು ತಿಂಗಳ ನಂತರ ಅವರ ಇನ್‌ಸ್ಟಾಗ್ರಾಂ ಪುಟದಲ್ಲಿ "ನಮ್ಮ ಆಫೀಸಿನ ಹೊಸ ಪ್ರಾಜೆಕ್ಟ್" ಅಂತ ಒಂದು ಚಿತ್ರ ಬಂತು. ಅವರ ಗಾಜಿನ ಕಟ್ಟಡ ಅಲ್ಲ, ಬೇಡವೆಂದು ಪಕ್ಕಕ್ಕೆ ತಳ್ಳಿದ ನನ್ನ ಹೆಂಚಿನ ಗ್ರಂಥಾಲಯ! ಬಾವಿ, ಹಲಸಿನ ಮರ, ಕೊಡೆ ಇಡುವ ಜಾಗ ಎಲ್ಲಾ ಹಾಗೇ ಇತ್ತು. ಕೆಳಗೆ ಅವರ ಹೆಸರು, ಹೆಸರಿನ ಮುಂದೆ ಆರ್ಕಿಟೆಕ್ಟ್ ಅಂತ.

ಆರ್ಕಿಟೆಕ್ಟರನ್ನು ನೋಂದಾಯಿಸುವ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಪಟ್ಟಿಯಲ್ಲಿ ಹುಡುಕಿದರೆ ಆ ಹೆಸರೇ ಇಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ನೋಂದಣಿ ಇಲ್ಲದವರು ತಮ್ಮನ್ನು ಆರ್ಕಿಟೆಕ್ಟ್ ಅಂತ ಕರೆದುಕೊಳ್ಳುವಂತಿಲ್ಲ. ಆದರೆ ಡಿಸೈನ್ ಕೆಲಸ ಮಾಡಲು ಆ ಕಾಯ್ದೆ ಅಡ್ಡ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹೆಸರಿನ ದುರುಪಯೋಗಕ್ಕೂ ಮೊದಲ ಸಲ ದಂಡ 500 ರೂಪಾಯಿವರೆಗೆ ಮಾತ್ರ. ಅಂಥವರು ಹೆದರುವುದಾದರೂ ಯಾಕೆ? ಹಾಗಾಗಿ ದುಡ್ಡು ಕೊಡುವ ಮುಂಚೆಯೇ ನೋಂದಣಿ ಸಂಖ್ಯೆ ಕೇಳಿ. ಅದು ಸಿಎ (CA) ಅನ್ನುವ ಅಕ್ಷರಗಳಿಂದ ಶುರುವಾಗುತ್ತದೆ, ಕೌನ್ಸಿಲ್‌ನ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು. "ಅದೆಲ್ಲ ಯಾಕೆ ಬೇಕು ನಿನಗೆ" ಅಂದರೆ ಎದ್ದು ಬನ್ನಿ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಡ್ರಾಯಿಂಗ್‌ಗೂ ಕಟ್ಟಡದ ಡಿಸೈನ್‌ಗೂ ರಕ್ಷಣೆ ಇದೆ. ಅದಕ್ಕೆ ನೋಂದಣಿ ಮಾಡಿಸಲೇಬೇಕು ಅಂತ ಇಲ್ಲ. ನನಗೆ ಉಪಯೋಗಕ್ಕೆ ಬಂದದ್ದು ಗೈಡ್ ಮೇಡಂಗೆ ಪ್ರತಿ ಹಂತದಲ್ಲೂ ಕಳಿಸಿದ್ದ ಇಮೇಲ್‌ಗಳು, ತಾರೀಖಿದ್ದ ಸ್ಕೆಚ್‌ಗಳು. ಅವನ್ನೆಲ್ಲ ಲಗತ್ತಿಸಿ ಪತ್ರ ಬರೆದ ಮೇಲೆ ಆ ಚಿತ್ರ ಪುಟದಿಂದ ಮಾಯವಾಯಿತು. ದುಡ್ಡು ವಾಪಸ್ ಬರಲಿಲ್ಲ, ಕೇಳಿದರೆ ಫೋನ್ ಎತ್ತುವುದಿಲ್ಲ.

ಹೊರಗಿನವರ ಅಭಿಪ್ರಾಯ ಬೇಕೇ ಬೇಕು ಅನ್ನಿಸಿದರೆ ಪಿಡಿಎಫ್ ತೋರಿಸಿ, ಕ್ಯಾಡ್ ಫೈಲನ್ನೂ ತ್ರೀಡಿ ಮಾಡೆಲನ್ನೂ ಕೊಡಬೇಡಿ. ರೆಂಡರ್ ಮಾಡಿಸುವುದಿದ್ದರೆ ನೀವೇ ಪಕ್ಕದಲ್ಲಿ ಕೂತು ಮಾಡಿಸಿ. ಕಾಲೇಜಿನ ಗೈಡ್ ಜೊತೆ ಹೊಂದಾಣಿಕೆ ಆಗದಿದ್ದರೆ ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಹತ್ತಿರ ಹೋಗಿ ಬೇರೆಯವರನ್ನು ಕೊಡಿ ಅಂತ ಕೇಳಿ, ಕೇಳಲು ಫೀಸೇನೂ ಇಲ್ಲ.