ಟ್ರಸ್ಟ್, ಸಂಘ, ಸೆಕ್ಷನ್ 8 ಕಂಪನಿ: ಹೊಸ ಸೇವಾಸಂಸ್ಥೆಗೆ ಯಾವುದು ಹೊಂದುತ್ತದೆ?

ಪೀಣ್ಯದ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಸಂಜೆ ಆಸರೆ ಕೇಂದ್ರ ತೆರೆಯಲು ಯಾವ ರೂಪದ ಸಂಸ್ಥೆ ನೋಂದಾಯಿಸಬೇಕೆಂದು ಕೇಳಿದ್ದೀರಿ.

ಮೊದಲು ಜೊತೆಗಾರರನ್ನು ಎಣಿಸಿ. ಕರ್ನಾಟಕದ 1960ರ ಕಾಯ್ದೆಯಂತೆ ಸಂಘಕ್ಕೆ ಕನಿಷ್ಠ 7 ಮಂದಿ ಬೇಕು. ಟ್ರಸ್ಟ್‌ಗಾಗಲಿ ಖಾಸಗಿ ಸೆಕ್ಷನ್ 8 ಕಂಪನಿಗಾಗಲಿ (ಕಂಪನಿ ಕಾಯ್ದೆಯಡಿ, ಲಾಭ ಹಂಚಿಕೊಳ್ಳದೆ ಸೇವೆಗಾಗಿ ನಡೆಯುವ ಕಂಪನಿ) ಇಬ್ಬರು ಸಾಕು.

ಖರ್ಚಿನಲ್ಲಿ ಟ್ರಸ್ಟ್ ಹಗುರ: ಉಪನೋಂದಣಾಧಿಕಾರಿ ಕಚೇರಿಯಲ್ಲಿ ಟ್ರಸ್ಟ್ ಪತ್ರ, ಅಂದರೆ ಅದರ ಉದ್ದೇಶ, ನಿಯಮಗಳ ದಾಖಲೆ, ನೋಂದಾಯಿಸಿದರೆ ಕೆಲಸ ಶುರು. ಕಂಪನಿಗೆ ವಹಿವಾಟು ಇಲ್ಲದ ವರ್ಷವೂ ಲೆಕ್ಕಪರಿಶೋಧನೆ ತಪ್ಪದು. ವಾರ್ಷಿಕ ವಿವರ ತಡವಾದರೆ ಪ್ರತಿ ನಮೂನೆಗೆ ದಿನಕ್ಕೆ 100 ರೂಪಾಯಿ ಏರುತ್ತದೆ. ಪುಟ್ಟ ಕೇಂದ್ರದ ಹಾಲು, ಬಿಸ್ಕತ್ತಿನ ಹಣ ಅಲ್ಲಿ ಸೋರುವುದು ನನಗೆ ಸಂಕಟ.

ನನ್ನ ಮಟ್ಟಿಗೆ ಮುಖ್ಯವಾದದ್ದು ಅಧಿಕಾರ ಯಾರ ಕೈಯಲ್ಲಿ ಎಂಬುದು. ಸಂಘದಲ್ಲಿ ಸದಸ್ಯರು ಸಮಿತಿಯನ್ನು ಆರಿಸುತ್ತಾರೆ. ತಾಯಂದಿರೂ ಮುಂದೆ ಸದಸ್ಯರಾಗಿ ಮತ ಹಾಕಬೇಕೆಂದರೆ ಇದೇ ಸರಿ. ಟ್ರಸ್ಟ್‌ನಲ್ಲಿ ಎಲ್ಲವೂ ಪತ್ರದ ಮೇಲೆ ನಿಂತಿದೆ. ಟ್ರಸ್ಟಿ ತೀರಿಕೊಂಡರೆ, ರಾಜೀನಾಮೆ ಕೊಟ್ಟರೆ ಅಥವಾ ದಾರಿ ತಪ್ಪಿದರೆ ಏನೆಂಬ ಷರತ್ತನ್ನು ಬರೆಸದೆ ಸಹಿ ಹಾಕಬೇಡಿ.

ಸಿಎಸ್‌ಆರ್ (ಕಂಪನಿಗಳು ಕಾನೂನಿನಂತೆ ಸಮಾಜಸೇವೆಗೆ ತೆಗೆದಿಡುವ) ಹಣ ಸೆಕ್ಷನ್ 8 ಕಂಪನಿಗಷ್ಟೇ ಸಿಗುತ್ತದೆ ಎಂಬುದು ತಪ್ಪು. ಆದಾಯ ತೆರಿಗೆಯ 12ಎ (ಸಂಸ್ಥೆಗೆ ವಿನಾಯಿತಿ), 80ಜಿ (ದಾನಿಗಳಿಗೆ ವಿನಾಯಿತಿ) ಮತ್ತು ಈ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಇದ್ದರೆ ಮೂರೂ ರೂಪದ ಸಂಸ್ಥೆಗಳು ಅರ್ಹ. ಆದರೆ ನಿಮ್ಮಂಥ ಸ್ವತಂತ್ರ (ಹಣ ಕೊಡುವ ಕಂಪನಿಯೇ ಹುಟ್ಟುಹಾಕದ) ಸಂಸ್ಥೆಗೆ 3 ವರ್ಷಗಳ ಅನುಭವವೂ ಬೇಕು. ಹಲವು ರಾಜ್ಯಗಳಿಗೆ ಹಬ್ಬುವ, ಸಂಬಳದ ಸಿಬ್ಬಂದಿಯ ಯೋಜನೆಯಿದ್ದರೆ ಕಂಪನಿಯ ಶಿಸ್ತು ಹೊಂದುತ್ತದೆ. ನೀವು ಮೂವರೇ ಇದ್ದು ಒಂದೇ ಬಡಾವಣೆಯಲ್ಲಿ ದುಡಿಯುವಿರಾದರೆ ಟ್ರಸ್ಟ್ ಸಾಕು.